ಮೈನ್ ಬಾಗಿಲಿನ ಏಳನೆಯ ಹಲಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೋಟೆಗೋಡೆಯ ಹೊರಗಿನ ಮೀನುಗಾರರ ಕೇರಿಯಲ್ಲಿ ರೋಸ್ವಿತಾ ಹೆಪ್ ಒಂದೊಂದೇ ಮನೆಯ ಬಾಗಿಲು ತಟ್ಟುತ್ತ ಬರುತ್ತಿದ್ದಾರೆ. ಕೈಗವಸು ಕಳಚಿ ಜೇಬಿಗೆ ತುರುಕಿದ್ದಾರೆ. ಈ ಬಾಗಿಲುಗಳನ್ನು ಬರಿಗೈಯ ಗೆಣ್ಣಿನಿಂದಲೇ ತಟ್ಟಬೇಕೆಂಬುದು ಅವರ ಅಪ್ಪನ ಕಾಲಕ್ಕೂ ಹಿಂದಿನಿಂದ ನಡೆದುಬಂದ ರೂಢಿ. ತಟ್ಟಿದ ಮೇಲೆ ಕೇಳುವ ಪ್ರಶ್ನೆಯೂ ಒಂದೇ.

“ಒಳಗೋ, ಹೊರಗೋ?”

ಮೈನ್ ನದಿ ಕೇರಿಯ ಕೆಳತುದಿಯ ಕಲ್ಲುಮೆಟ್ಟಿಲುಗಳನ್ನು ಆಗಲೇ ನುಂಗಿದೆ. ಫೆಬ್ರವರಿ ತಿಂಗಳು, ಮೇಲಿನ ಬೆಟ್ಟಗಳಲ್ಲಿ ಹಿಮ ಕರಗುವ ಹೊತ್ತಿಗೇ ಮಳೆಯೂ ಹಿಡಿದುಕೊಂಡಿದೆ. ಕೆಂಗಂದು ನೀರಿನ ಮೇಲೆ ಮರದ ದಿಮ್ಮಿ, ಯಾರದೋ ತೋಟದ ಕುರ್ಚಿ, ಒಂದು ನೀಲಿ ಪೀಪಾಯಿ ತೇಲಿಹೋಗುತ್ತಿವೆ. ಸದ್ದು ಮಾತ್ರ ಇಲ್ಲ. ಹೊಳೆ ಸದ್ದಿಲ್ಲದೆ ಏರುವುದನ್ನು ನಮ್ಮೂರು ರೋಟನ್‌ಫುರ್ಟಿನಲ್ಲಿ ಹುಟ್ಟಿದವರೆಲ್ಲ ನೋಡಿದ್ದಾರೆ. ನೋಡಿದಷ್ಟೂ ಅದು ಹೆಚ್ಚು ಹೆದರಿಸುತ್ತದೆ.

ಮೊದಲ ಮನೆಯವರು ಗಂಟುಮೂಟೆ ಕಟ್ಟಿಕೊಂಡೇ ನಿಂತಿದ್ದಾರೆ. “ಒಳಗೆ ಕಣಮ್ಮ, ಒಳಗೆ! ಬೆಕ್ಕು ಕೈಗೆ ಸಿಕ್ಕಿದ ಕೂಡ್ಲೇ ಬಂದ್ವಿ,” ಎಂದು ಮನೆಯಾಕೆ ಮಂಚದ ಕೆಳಗಿನಿಂದಲೇ ಕೂಗುತ್ತಾಳೆ. ಮುಂದಿನ ನಾಲ್ಕಾರು ಮನೆಗಳು ಫ್ರಾಂಕ್‌ಫುರ್ಟಿನವರು ರಜೆಗೆಂದು ಕೊಂಡವು, ಬೀಗ ಬಿದ್ದಿವೆ. ರೋಸ್ವಿತಾ ಅವನ್ನೂ ತಟ್ಟುತ್ತಾರೆ, ಖಾಲಿ ಮನೆಗೂ ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೆಂದು ಒಂದು ಗಳಿಗೆ ನಿಲ್ಲುತ್ತಾರೆ.

“ಯಾರೂ ಇಲ್ಲ ಅಂತ ನಂಗೂ ಗೊತ್ತು,” ಎನ್ನುತ್ತಾರೆ. “ಆದ್ರೆ ಇವತ್ತು ಇದನ್ನ ಬಿಟ್ರೆ, ನಾಳೆ ಜನ ಇರೋ ಮನೇನೂ ಬಿಟ್ಟು ಹೋಗಿಬಿಡ್ತೀನಿ.”

ಕೊನೆಯದು ಕಿಲಿಯಾನ್ ಶ್ಟುಂಪ್ ಅವರ ಮನೆ. ಕೇರಿಯಲ್ಲಿ ಈಗಲೂ ಬಲೆ ಹಾಕುವವರು ಅವರೊಬ್ಬರೇ. ವಯಸ್ಸು ಎಂಬತ್ತು ದಾಟಿದೆ. ಬಾಗಿಲು ತೆರೆಯಲು ಕೆಳಗಿಳಿಯುವುದಿಲ್ಲ. ಮೇಲಂತಸ್ತಿನ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾರೆ.

“ಬಂದ್ಲಪ್ಪ ಬಾಗಿಲಮ್ಮ! ನಿಮ್ಮಪ್ಪ ಆಗಿದ್ರೆ ಇಷ್ಟೊತ್ತಿಗೆ ಎರಡು ಸಲ ಬೈಸ್ಕೊಂಡು ಹೋಗಿರ್ತಿದ್ದ.”

“ಬೈಗುಳ ಆಮೇಲೆ ಕೊಡಿ ಕಿಲಿಯಾನಜ್ಜ. ಒಳಗೋ, ಹೊರಗೋ?”

“ಹೊರಗೆ.”

“ಈ ಸಲ ಜಾಸ್ತಿ ಬರುತ್ತಂತೆ.”

“ನೀನು ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಕೇಳದೇ ಇರೋದಕ್ಕೂ ಕೊಡ್ಬೇಕಾ?”

ರೋಸ್ವಿತಾ ಕೈಗವಸು ಏರಿಸಿಕೊಂಡು ಹಿಂದಿರುಗುತ್ತಾರೆ. ಒಮ್ಮೆ ಹೇಳಿದ ಮೇಲೆ ಒತ್ತಾಯ ಮಾಡುವಂತಿಲ್ಲ. ಹೊರಗೆ ಎಂದವರು ನೀರು ಇಳಿಯುವ ತನಕ ಕೋಟೆಗೋಡೆಯ ಹೊರಗೆ. ಮಾತೂ ಅವರದು, ಮನೆಯೂ ಅವರದು.

ಊರು ಎಂದರೆ ನಮ್ಮಲ್ಲಿ ಗೋಡೆಯ ಒಳಗಿನದು. ಕೆಂಪು ಮರಳುಗಲ್ಲಿನ ಈ ಗೋಡೆಯನ್ನು ಹಿರಿಯರು ಕಟ್ಟಿದ್ದು ಬಿಷಪ್ಪನ ದಂಡಿಗೆ ಹೆದರಿ. ದಂಡು ಬಂದದ್ದು ಒಂದೆರಡು ಸಲ. ಹೊಳೆ ಬಂದದ್ದಕ್ಕೆ ಲೆಕ್ಕವಿಲ್ಲ. ಹೊಳೆಯ ಕಡೆಗಿರುವ ಮೈನ್ ಬಾಗಿಲಿನ ಕಲ್ಲುಚೌಕಟ್ಟಿನ ಮೇಲೆ ದೊಡ್ಡ ನೆರೆಗಳ ಗೆರೆ ಕೊರೆದಿದ್ದಾರೆ. ಎಲ್ಲಕ್ಕಿಂತ ಮೇಲಿನದನ್ನು ಮುಟ್ಟಲು ಏಣಿ ಬೇಕು. ಗೋಡೆಯ ಒಳಗೆ ವೈನ್ ವ್ಯಾಪಾರಿಗಳು, ಚರ್ಮ ಹದಮಾಡುವವರು, ಕಾಡಿನ ಮರವನ್ನು ತೆಪ್ಪ ಕಟ್ಟಿ ಹಾಲೆಂಡಿಗೆ ಸಾಗಿಸುತ್ತಿದ್ದ ದಲ್ಲಾಳಿಗಳು ಇದ್ದರು. ಮೀನುಗಾರರು ಹೊರಗೆ. ಬೆಳಗಾಗುವ ಮುಂಚೆ ಬಲೆ ಎತ್ತಬೇಕಾದವರಿಗೆ ಕೋಟೆಬಾಗಿಲು ತೆರೆಯುವ ತನಕ ಕಾಯಲು ಆಗುತ್ತಿರಲಿಲ್ಲ ಎಂಬುದು ಒಳಗಿನವರ ವಿವರಣೆ. ಜಾಗ ಕೇಳಿದರೂ ಕೊಡಲಿಲ್ಲ ಎಂಬುದು ಹೊರಗಿನವರದು. ಎರಡೂ ಇಂದಿಗೂ ವೈನಂಗಡಿಯ ಬೇರೆ ಬೇರೆ ಮೇಜುಗಳಲ್ಲಿ ಕೇಳಿಸುತ್ತವೆ. ಎರಡನೆಯ ಮಹಾಯುದ್ಧದ ಕೊನೆಯ ವಾರಗಳಲ್ಲಿ ನಮ್ಮ ಸೈನಿಕರೇ ನಮ್ಮ ಸೇತುವೆಯನ್ನು ಸಿಡಿಸಿ ಹೋದಾಗ, ಒಳಗಿನವರನ್ನು ದೋಣಿಯಲ್ಲಿ ಆಚೆ ದಡಕ್ಕೆ ದಾಟಿಸಿದ್ದು ಮೀನುಗಾರರ ಕೇರಿ. ಸೇತುವೆ ಮತ್ತೆ ಎದ್ದಿತು. ಆ ಮಾತನ್ನು ಮಾತ್ರ ಯಾರೂ ಹೆಚ್ಚು ಎತ್ತುವುದಿಲ್ಲ. ಹಂಗಿನ ಮಾತು ಬಂದರೆ ನಮ್ಮೂರಿನವರು ಗ್ಲಾಸಿನ ತಳ ನೋಡುತ್ತಾರೆ.

ಏಳು ಗಂಟೆಗೆ ಮೈನ್ ಬಾಗಿಲಿನಲ್ಲಿ ಕೆಲಸ ಶುರುವಾಗಿದೆ. ಬಾಗಿಲೆಂದರೆ ಕದವಿಲ್ಲದ ಕಮಾನು. ಎರಡು ಬದಿಯ ಕಲ್ಲಿನಲ್ಲಿ ಮೇಲಿಂದ ಕೆಳಗೆ ಕೊರೆದ ತೋಡುಗಳಿವೆ. ನೆರೆ ಬಂದಾಗ ಅವುಗಳಲ್ಲಿ ಉದ್ದನೆಯ ಅಲ್ಯೂಮಿನಿಯಂ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿದರೆ ಕಮಾನು ಗೋಡೆಯಾಗುತ್ತದೆ. ಒಂದು ತುದಿ ರೋಸ್ವಿತಾ, ಇನ್ನೊಂದು ತುದಿ ಅವರ ಜೊತೆ ನಗರಸಭೆಯಲ್ಲಿ ಕೆಲಸ ಮಾಡುವ ಬುರ್ಕಾರ್ಡ್. ಎಲ್ಲಕ್ಕಿಂತ ಕೆಳಗಿನ ಹಲಗೆಯ ಹೊಟ್ಟೆಗೆ ದಪ್ಪ ರಬ್ಬರಿನ ಪಟ್ಟಿ ಇದೆ. ಅದು ನೆಲಗಲ್ಲಿನ ಮೇಲೆ ಒತ್ತಿ ಕೂತರೆ ನೀರಿಗೆ ದಾರಿಯಿಲ್ಲ.

“ಮೆಲ್ಲಗೆ ಇಳ್ಸೋ, ಮಗು ಮಲಗಿಸಿದ ಹಾಗೆ,” ಎನ್ನುತ್ತಾರೆ ರೋಸ್ವಿತಾ.

“ನನ್ನ ಮಕ್ಕಳು ಇಷ್ಟು ಭಾರ ಇರ್ಲಿಲ್ಲ ರೋಸಿ. ಇದಕ್ಕಿಂತ ಜಾಸ್ತಿ ಅಳ್ತಿದ್ವು, ಅಷ್ಟೇ,” ಎಂದು ಬುರ್ಕಾರ್ಡ್ ಏದುಸಿರು ಬಿಡುತ್ತಾನೆ.

ರೋಸ್ವಿತಾಗೆ ಈಗ ಐವತ್ತೇಳು. ಅವರ ಅಪ್ಪ ಹಗಲು ಬೀದಿ ಗುಡಿಸುತ್ತಿದ್ದರು, ನೆರೆ ಬಂದಾಗ ಬಾಗಿಲು ಕಾಯುತ್ತಿದ್ದರು. ಮಗಳು ಶರ್ಟು ಹೊಲಿಯುವ ಕಾರ್ಖಾನೆಗೆ ಹೋದಳು. ಕಾರ್ಖಾನೆ ಮುಚ್ಚಿದ ವರ್ಷವೇ ಅಪ್ಪ ತೀರಿಕೊಂಡರು. ಪೊರಕೆಯೂ ಬಾಗಿಲೂ ಒಟ್ಟಿಗೆ ಮಗಳ ಕೈಗೆ ಬಂದವು. ಬಾಗಿಲು ಕಾಯುವುದು ಹೆಂಗಸಿನ ಕೆಲಸವಾ ಎಂದು ಊರು ನಕ್ಕಿತು. “ನಕ್ಕೋರೆಲ್ಲ ಒಳಗಿನೋರು. ಹೊರಗಿನೋರು ನಗ್ಲಿಲ್ಲ, ಬರೀ ಬೈದ್ರು. ಬೈಯೋರ ಜೊತೆ ಕೆಲಸ ಮಾಡ್ಬಹುದು,” ಎನ್ನುತ್ತಾರೆ ಅವರು.

ನೆರೆಯಿಲ್ಲದ ದಿನಗಳಲ್ಲಿ ಅವರ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಸಂತೆಚೌಕದ ಕಸದ ಡಬ್ಬಿಗಳನ್ನು ಖಾಲಿ ಮಾಡುತ್ತಾರೆ. ಚರಂಡಿಯ ಬಾಯಿಗಳಲ್ಲಿ ಸಿಕ್ಕಿದ ಎಲೆ ತೆಗೆಯುತ್ತಾರೆ. ಚಳಿಗಾಲದಲ್ಲಿ ಚರ್ಚಿನ ಮೆಟ್ಟಿಲಿಗೆ ಉಪ್ಪು ಚೆಲ್ಲುತ್ತಾರೆ, ಬೇಸಿಗೆಯಲ್ಲಿ ಸೇತುವೆಯ ಹೂಕುಂಡಗಳಿಗೆ ನೀರು ಹಾಕುತ್ತಾರೆ. ಬಲಭುಜ ಮೇಲೇಳುವುದಿಲ್ಲ. ನಗರಸಭೆ ಕೊಡುವ ರಬ್ಬರ್ ಬೂಟುಗಳೆಲ್ಲ ಗಂಡಸರ ಅಳತೆಯವು. ಮುಂದೆ ಬಟ್ಟೆ ತುರುಕಿ ಹಾಕಿಕೊಳ್ಳುತ್ತಾರೆ. ಗಂಡ ಪಕ್ಕದ ಊರಿನ ಗಾಜಿನ ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. “ಒಂದೇ ಮನೇಲಿ ಇದ್ದೀವಿ, ಆದ್ರೆ ಭೇಟಿ ಆಗೋದು ಭಾನುವಾರ,” ಎಂದು ನಗುತ್ತಾರೆ.

ಮೂರನೆಯ ಹಲಗೆ ಇಳಿಯುವ ಹೊತ್ತಿಗೆ ನೀರು ನೆಲಗಲ್ಲನ್ನು ಮುಟ್ಟುತ್ತದೆ. ಜಿಲ್ಲೆಯಿಂದ ಬಂದಿರುವ ಎಂಜಿನಿಯರ್ ಫಾಲ್ಕ್, ಮೂವತ್ತು ದಾಟಿರದ ಯುವಕ, ಗಡಿಯಾರ ನೋಡಿಕೊಂಡು ತಲೆಯಾಡಿಸುತ್ತಾನೆ. ಎಲ್ಲವೂ ಹೊತ್ತಿಗೆ ಸರಿಯಾಗಿಯೇ ನಡೆದಿದೆ. ಆಮೇಲೆ ಬುರ್ಕಾರ್ಡ್ ತನ್ನ ಬೂಟು ನೋಡಿಕೊಳ್ಳುತ್ತಾನೆ.

“ರೋಸಿ, ಇದು ಬೆವರಲ್ಲ ಕಣೇ.”

ಹಲಗೆಯ ಕೆಳಗಿನಿಂದ ಒಂದು ಒದ್ದೆ ಎಳೆ ಹೊರಟು ಕಲ್ಲಿನ ಸಂದಿಗಳಲ್ಲಿ ಹರಿಯುತ್ತಿದೆ. ನೋಡುತ್ತಿರುವಂತೆಯೇ ಅದರ ಪಕ್ಕ ಇನ್ನೊಂದು. ಮತ್ತೆ ಐದಾರು ಕಡೆ ನೀರು ಬೀಸಣಿಗೆಯ ಹಾಗೆ ಚಿಮ್ಮುತ್ತದೆ. ರೋಸ್ವಿತಾ ಮಂಡಿಯೂರಿ, ಕೆನ್ನೆಯನ್ನು ಕಲ್ಲಿಗೆ ತಾಗಿಸಿ, ಹಲಗೆಯ ಅಂಚಿನ ಉದ್ದಕ್ಕೂ ಬೆರಳು ಆಡಿಸುತ್ತಾರೆ. ಎದ್ದಾಗ ಅವರ ಮುಖದಲ್ಲಿ ಬಣ್ಣವಿಲ್ಲ.

“ಚಾಕು,” ಎನ್ನುತ್ತಾರೆ.

ಫಾಲ್ಕ್‌ಗೆ ಅರ್ಥವಾಗುವುದಿಲ್ಲ. ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಆಗಸ್ಟಿನ ವೈನ್ ಹಬ್ಬಕ್ಕೆ ನಮ್ಮಲ್ಲಿ ಮೇಜು ಸಾಲುವುದಿಲ್ಲ. ನೆರೆಯ ಹಲಗೆಗಳು ಉಗ್ರಾಣದಲ್ಲಿ ಸುಮ್ಮನೆ ಬಿದ್ದಿರುತ್ತವೆ. ತಂದು ಪೀಪಾಯಿಗಳ ಮೇಲೆ ಹಾಸಿದರೆ ಉದ್ದನೆಯ ಒಳ್ಳೆಯ ಮೇಜು. ಅದರಲ್ಲೂ ಕೆಳಗಿನ ಹಲಗೆಯನ್ನು ಮಗುಚಿ, ರಬ್ಬರು ಮೇಲೆ ಬರುವಂತೆ ಹಾಕಿದರೆ ಎಷ್ಟು ಕುಡಿದವನ ಗ್ಲಾಸೂ ಜಾರುವುದಿಲ್ಲ. ರಬ್ಬರ್ ಮೇಜಿಗಾಗಿ ಜನ ಮಧ್ಯಾಹ್ನವೇ ಬಂದು ಕೂರುತ್ತಾರೆ. ಬ್ರೆಡ್ಡು, ಈರುಳ್ಳಿ, ಹೊಗೆಯಲ್ಲಿ ಒಣಗಿಸಿದ ಸಾಸೇಜು ಎಲ್ಲವನ್ನೂ ಅದರ ಮೇಲೆಯೇ ಇಟ್ಟು ಕುಯ್ಯುತ್ತಾರೆ. ಹತ್ತು ಹನ್ನೆರಡು ವರ್ಷ ಊರೆಲ್ಲ ಸೇರಿ ಕುಯ್ದದ್ದು ಈಗ ಅಡಿಯಲ್ಲಿದೆ, ಮೇಲೆ ಹೊಳೆಯಿದೆ.

“ಮಗುಚಿ ಹಾಕಿದ್ದು ನಾನೇ,” ಎನ್ನುತ್ತಾರೆ ರೋಸ್ವಿತಾ. “ನಾನೂ ಅದ್ರ ಮೇಲೆ ಬ್ರೆಡ್ ಕುಯ್ದಿದ್ದೀನಿ. ಗಾಯ ಕಾಣ್ತಿತ್ತು. ನವೆಂಬರಲ್ಲಿ ಒಣಗಿದ ಕಲ್ಲಿನ ಮೇಲೆ ಇಟ್ಟು ನೋಡ್ದಾಗ ಭಾರಕ್ಕೆ ಮುಚ್ಚಿಕೊಂಡಿತ್ತು. ಸರಿ, ಅಂದ್ಕೊಂಡೆ.”

ಈಗ ಅದನ್ನು ಎತ್ತಲಾಗದು, ಹೊಳೆ ಅದಕ್ಕೆ ಒರಗಿ ನಿಂತಿದೆ. ಮರಳಿನ ಚೀಲಗಳೆಲ್ಲ ಊರಿನ ಇನ್ನೊಂದು ಬದಿಯ ತೊರೆಯ ಒಡ್ಡಿಗೆ ಹೋಗಿವೆ. ಎರಡು ಪಂಪುಗಳು ಸದ್ಯಕ್ಕೆ ಸಾಕು. ನೀರು ಏರಿದಂತೆ ಸಾಲವು. ಬಾಗಿಲಿನಿಂದ ಊರು ಒಳಕ್ಕೆ ಇಳಿಜಾರು. ಮೊದಲು ಗೆರ್ಲಿಂಡೆಯ ಬೇಕರಿ, ಅದರ ಹಿಂದೆ ಚರ್ಮಗಾರರ ಓಣಿಯಲ್ಲಿ ವೃದ್ಧಾಶ್ರಮ. ಹಾಸಿಗೆ ಹಿಡಿದವರು ಅಲ್ಲಿ ನಲವತ್ತು ಮಂದಿ ಇದ್ದಾರೆ.

ಚೌಕಟ್ಟಿನಲ್ಲಿ ಇನ್ನೊಂದು ಜೊತೆ ತೋಡು ಇದೆ, ಒಳಗಡೆಗೆ, ಒಂದು ಮೊಳ ಬಿಟ್ಟು. ಅಪ್ಪನ ಕಾಲದಲ್ಲಿ ಎರಡು ಸಾಲು ಓಕ್ ಹಲಗೆ ಇಳಿಸಿ ನಡುವೆ ಕುದುರೆ ಲದ್ದಿ ಮತ್ತು ಜೇಡಿಮಣ್ಣು ಕಲಸಿ ತುಳಿಯುತ್ತಿದ್ದರು. ಅಲ್ಯೂಮಿನಿಯಂ ಬಂದ ವರ್ಷ ಒಳಗಿನ ತೋಡು ಖಾಲಿಯಾಯಿತು. ಹೆಚ್ಚಿನ ಓಕ್ ಹುಳ ಹಿಡಿದಿತ್ತು. ಗಟ್ಟಿಯಿದ್ದ ಏಳು ಹಲಗೆಗಳನ್ನು ಕಿಲಿಯಾನ್ ಒಯ್ದರು.

“ಏಳೂ ಬೇಕು,” ಎನ್ನುತ್ತಾನೆ ಫಾಲ್ಕ್. “ಅಡಿಯಿಂದ ನುಗ್ಗಿದ ನೀರು ನಡುವೆ ತುಂಬ್ಕೊಂಡು ಹೊರಗಿನ ಮಟ್ಟಕ್ಕೇ ಏರುತ್ತೆ. ನಾಳೆ ಅದು ಆರನೇ ಹಲಗೆಯ ಮೇಲಂಚಿಗೆ ಬರುತ್ತೆ. ಒಂದು ಗೇಣು ಹೆಚ್ಚೂ ಆಗ್ಬಹುದು, ಕಮ್ಮೀನೂ ಆಗ್ಬಹುದು.”

“ಬುರ್ಕಾರ್ಡ್, ಕುದುರೆ ಲಾಯಕ್ಕೆ ಟ್ರ್ಯಾಕ್ಟರ್ ತಗೊಂಡು ಹೋಗು,” ಎಂದು ರೋಸ್ವಿತಾ ಹಲಗೆ ಹತ್ತಿ ಆಚೆಗೆ ಧುಮುಕುತ್ತಾರೆ. ನೀರು ಮೊಣಕಾಲಿಗೆ ಬರುತ್ತದೆ.

ಕಿಲಿಯಾನ್ ಮನೆಯ ಮೇಲಂತಸ್ತಿನ ಹೊರಗೆ ಹೊಳೆಯ ಕಡೆಗೆ ಒಂದು ಮರದ ಜಗಲಿ ಇದೆ. ಅದು ಆ ಏಳು ಹಲಗೆಗಳದೇ. ನೆರೆಯಲ್ಲಿ ಕೆಳಗಿನ ಮೆಟ್ಟಿಲು ಮುಳುಗಿದಾಗ ದೋಣಿಯನ್ನು ಆ ಜಗಲಿಗೆ ಕಟ್ಟುತ್ತಾರೆ. ಬ್ರೆಡ್ಡಿಗೆ ಹೋಗಲಿ, ಔಷಧಿಗೆ ಹೋಗಲಿ, ಕಾಲಿಡುವುದು ಅಲ್ಲಿಂದ. ಬೇರೆ ದಾರಿಯಿಲ್ಲ.

“ಏನೇ, ಎರಡನೇ ಸಲ ಕೇಳೋಕೆ ಬಂದ್ಯಾ? ರೂಢಿ ಮುರೀತಿದ್ದೀಯ ನೀನು.”

“ಕೇಳೋಕೆ ಬಂದಿದ್ದು ನಿಮ್ಮನ್ನಲ್ಲ ಅಜ್ಜ. ನೀವು ನಿಂತಿರೋ ಹಲಗೆನ.”

ಮುದುಕ ಕಾಲಡಿ ನೋಡಿಕೊಳ್ಳುತ್ತಾರೆ. “ಅವತ್ತು ಕೊಡುವಾಗ ನಿಮ್ಮೋರು ಏನಂದ್ರು? ಓಕ್ ಕಾಲ ಮುಗೀತು, ಸೌದೆ ಮಾಡ್ಕೋ ಅಂದ್ರು.”

“ಅಂದ್ರು. ನೀವು ಮಾಡ್ಲಿಲ್ಲ.”

“ಏನಾಯ್ತು ನಿಮ್ಮ ಬೆಳ್ಳಿ ಹಲಗೆಗೆ?”

“ಸಾಸೇಜ್ ಕುಯ್ದು ಕುಯ್ದು ರಬ್ಬರ್ ಸೀಳಿದೆ.”

ಕಿಲಿಯಾನ್ ಕಿಟಕಿಯ ಚೌಕಟ್ಟು ಹಿಡಿದುಕೊಂಡು ನಗುತ್ತಾರೆ, ಕೆಮ್ಮು ಬರುವ ತನಕ. “ದಂಡು ಬಂದ್ರೂ ಬೀಳದ ಊರು, ಸಾಸೇಜಿಗೆ ಬಿತ್ತು ನೋಡು!” ಆಮೇಲೆ ಕಣ್ಣೊರೆಸಿಕೊಂಡು, ನಗದೆ, “ಆ ಮೇಜಿನ ಹತ್ರ ಒಂದು ವರ್ಷಾನೂ ನಂಗೆ ಜಾಗ ಸಿಕ್ಕಿಲ್ಲ ಕಣೇ. ಅದ್ರಲ್ಲಿ ನನ್ನ ಚಾಕಿನ ಗೆರೆ ಒಂದೂ ಇಲ್ಲ,” ಎನ್ನುತ್ತಾರೆ.

ನೀರು ರೋಸ್ವಿತಾರ ಬೂಟಿನೊಳಕ್ಕೆ ಇಳಿಯುತ್ತಿದೆ.

ಮುದುಕ ಒಳಗೆ ಹೋಗಿ ಹಾರೆ ತರುತ್ತಾರೆ. ತಾವೇ ಮೊದಲನೆಯ ಹಲಗೆಯನ್ನು ಮೀಟಿ ಏಳಿಸುತ್ತಾರೆ; ರೋಸ್ವಿತಾ ಕೆಳಗಿನಿಂದ ದೋಣಿಗೆ ಇಳಿಸಿಕೊಳ್ಳುತ್ತಾರೆ. ಎರಡು, ಮೂರು. ಕಿಲಿಯಾನ್ ನಿಲ್ಲುವ ಜಾಗ ಕಡಿಮೆಯಾಗುತ್ತ ಬರುತ್ತದೆ. ಆರನೆಯದು ಕಳಚಿದಾಗ ಅವರು ಕಿಟಕಿಯ ಅಂಚಿನಲ್ಲಿ ಕುಳಿತು ಕೊನೆಯದರ ಕೆಳಗೆ ಹಾರೆ ತೂರಿಸಿದ್ದಾರೆ.

“ಅಜ್ಜ, ಒಳಗೆ ಬರ್ತೀರಾ? ಬಂದ್ರೆ ಏಳೂ ತಗೊಂಡು ಹೋಗ್ತೀನಿ.”

“ಉತ್ತರ ಬೆಳಿಗ್ಗೆನೇ ಕೊಟ್ಟಾಯ್ತು.”

“ದೋಣಿಗೆ ಇಳಿಯೋದು ಹೇಗೆ ಮತ್ತೆ?”

“ಹಾರ್ತೀನಿ.”

“ಈ ವಯಸ್ಸಲ್ಲಿ?”

“ಆಗ್ದಿದ್ರೆ ಇಳಿಯಲ್ಲ. ನಿಂಗೇನು? ಏಳು ಬೇಕು ಅಂದ್ಯಲ್ಲ, ತಗೋ.”

ರೋಸ್ವಿತಾ ಒಮ್ಮೆ ಬಾಗಿಲಿನ ಕಡೆ ನೋಡುತ್ತಾರೆ, ಒಮ್ಮೆ ಆ ಒಂಟಿ ಹಲಗೆಯ ಕಡೆ.

“ಹಾರೆ ಕೆಳಗಿಡಿ. ಆರು ಸಾಕು.”

ಸಾಲದು ಎಂದು ಅವರಿಗೆ ಗೊತ್ತಿತ್ತು. ಆ ಗಳಿಗೆಯನ್ನು ಅವರು ಇವತ್ತಿಗೂ ಬಣ್ಣ ಹಚ್ಚಿ ಹೇಳುವುದಿಲ್ಲ. “ಧೈರ್ಯ ಗಿರ್ಯ ಏನೂ ಇರ್ಲಿಲ್ಲ. ಏಳನೇದನ್ನ ಕಿತ್ಕೊಂಡು ಬಾಗಿಲು ಹಾಕಿ, ಆಮೇಲೆ ಮನೆಗೆ ಹೋಗಿ ಊಟಕ್ಕೆ ಕೂತ್ಕೊಳ್ಳೋದು ನೆನೆಸ್ಕೊಂಡೆ. ಆಗಲ್ಲ ಅನ್ನಿಸ್ತು.”

ಆ ಒಂಟಿ ಹಲಗೆಯಿಂದ ದೋಣಿಗಿಳಿದು ಕಿಲಿಯಾನ್ ತಾವೇ ಹುಟ್ಟು ಹಾಕುತ್ತಾರೆ. ದೋಣಿ ಬಾಗಿಲಿಗೆ ತಾಗುತ್ತದೆ. ಅಲ್ಯೂಮಿನಿಯಂ ಹಲಗೆಗಳ ಮೇಲಿನಿಂದ ಒಂದೊಂದೇ ಓಕ್ ಒಳಗೆ ದಾಟುತ್ತದೆ, ಹಿಂದೆಯೇ ರೋಸ್ವಿತಾ; ಮುದುಕ ಖಾಲಿ ದೋಣಿ ತಿರುಗಿಸಿಕೊಂಡು ಹೋಗುತ್ತಾರೆ. ಫಾಲ್ಕ್ ಎಣಿಸಿ ಮುಗಿಸಿ ಕಾಯುತ್ತಾನೆ.

“ಫ್ರೌ ಹೆಪ್, ಏಳನೇದು?” ಅವನಿಗೆ ರೋಸ್ವಿತಾ ಶ್ರೀಮತಿ ಹೆಪ್.

“ಅಜ್ಜನ ಹತ್ರ ಇದೆ. ಅಲ್ಲೇ ಇರ್ಲಿ.”

“ನಾಳೆ ನೀರು ಆರನೇದರ ಮೇಲೆ ಬಂದ್ರೆ?”

“ಮಣ್ಣು ಕಟ್ತೀವಿ.”

“ಮಣ್ಣಿಗೆ ಹಿಂದೆ ಒಂದು ಆಸರೆ ಬೇಕು. ಹಲಗೆ ಇಲ್ದೆ ಅದು ಜಾರುತ್ತೆ.” ಅವನು ಗದರುತ್ತಿಲ್ಲ, ಬೇಡಿಕೊಳ್ಳುತ್ತಿದ್ದಾನೆ. ಅವನು ಹೇಳುವುದೂ ಸರಿಯೇ. ಮರ ಕುಯ್ಯುವ ಕಾರ್ಖಾನೆ ಇರುವುದು ಆಚೆ ದಡದಲ್ಲಿ; ಸೇತುವೆ ಬೆಳಿಗ್ಗೆಯೇ ಮುಚ್ಚಿದೆ. ಅಲ್ಯೂಮಿನಿಯಂ ಹಲಗೆಗಳೆಲ್ಲ ಹೊರಗಿನ ಸಾಲನ್ನು ಏರಿಸುವುದಕ್ಕೇ ಬೇಕು. ಊರೊಳಗೆ ಸಿಗುವ ತೆಳು ಹಲಗೆ ಬಾಗಿಲಿನ ಅಗಲಕ್ಕೆ ಬಿಲ್ಲಿನಂತೆ ಬಾಗುತ್ತದೆ.

ಬೇಕರಿಯ ಗೆರ್ಲಿಂಡೆ ಹೊಸ್ತಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಾಳೆ. “ಒಬ್ಬ ಮುದುಕ ಕಾಲಿಡೋ ಹಲಗೆಗೋಸ್ಕರ ನನ್ನ ಒಲೆನೂ ಹೋಗ್ಲಿ, ಆಶ್ರ‌ಮದಲ್ಲಿರೋ ನಮ್ಮತ್ತೆನೂ ಹೋಗ್ಲಿ, ಅಲ್ವಾ? ಹೊರಗೆ ಅಂದ್ನಲ್ಲ ಅವನು! ಅಂದ ಮೇಲೆ ಅವನ ಪಾಡು ಅವನದು.”

“ಹೊರಗೆ ಇರ್ತೀನಿ ಅಂದ್ರು. ಸಾಯ್ತೀನಿ ಅನ್ಲಿಲ್ಲ.”

“ನೀರು ಬಂದ್ರೆ ಏನ್ಮಾಡ್ತೀಯ?”

“ನಿನ್ನ ಒಲೆ ಮುಂದೆ ನಾನೇ ನಿಂತಿರ್ತೀನಿ.”

“ನೀನು ನಿಂತ್ರೆ ನೀರು ನಿಲ್ಲುತ್ತಾ?”

“ಗೊತ್ತಿಲ್ಲ ಗೆರ್ಲಿಂಡೆ.”

ನಮ್ಮೂರಿನಲ್ಲಿ ನೆರೆಯ ದಿನ ಮೈನ್ ಬಾಗಿಲಿನ ಬಳಿ ಮೇಯರನಿಗೂ ಅಧಿಕಾರವಿಲ್ಲ. ಬಾಗಿಲು ಕಾಯುವವರು ಹೇಳಿದ್ದೇ ಆಗಬೇಕು. ಫಾಲ್ಕ್ ಫೋನು ಕೈಗೆತ್ತಿಕೊಳ್ಳುತ್ತಾನೆ, ಮತ್ತೆ ಜೇಬಿಗಿಡುತ್ತಾನೆ. ಅಷ್ಟರಲ್ಲಿ ಟ್ರ್ಯಾಕ್ಟರ್ ಲದ್ದಿಯ ಹೊಗೆಯಾಡುವ ರಾಶಿಯೊಂದಿಗೆ ಬರುತ್ತದೆ. ಅವನು ಕೋಟು ಕಳಚಿ ಕವೆಗೋಲು ಹಿಡಿಯುತ್ತಾನೆ. ಸಂಜೆಯವರೆಗೂ ಹತ್ತಾರು ಜನ ಎರಡು ಗೋಡೆಗಳ ನಡುವೆ ಇಳಿದು ಲದ್ದಿ, ಮಣ್ಣು ಸುರಿದು ತುಳಿಯುತ್ತಾರೆ. ಚಿಮ್ಮುತ್ತಿದ್ದ ನೀರು ಮೊದಲು ಜಿನುಗಾಗುತ್ತದೆ, ಆಮೇಲೆ ತೇವವಾಗುತ್ತದೆ. ಚಿಮ್ಮು ನಿಂತಿತೆಂದು ಯಾರೂ ಸಂತೋಷಪಡುವುದಿಲ್ಲ. ಎಲ್ಲರ ಕಣ್ಣೂ ಆರನೆಯ ಹಲಗೆಯ ಮೇಲಂಚಿನ ಮೇಲಿದೆ. ಅದರ ಮೇಲೆ ಏನೂ ಇಲ್ಲ.

ಮರುದಿನ ಬೆಳಗಾದಾಗ ಹೊಳೆ ಅದಕ್ಕಿಂತ ಒಂದು ಚೋಟು ಕೆಳಗಿದೆ. ರಾತ್ರಿಯೆಲ್ಲ ಆಶ್ರಮದವರನ್ನು ಮಹಡಿಗೆ ಸಾಗಿಸಿದ್ದಾರೆ. ಇನ್ನೂ ಅರ್ಧದಷ್ಟು ಮಂದಿ ಕೆಳಗಿದ್ದಾರೆ. ಹತ್ತು ಗಂಟೆಗೆ ನಡುವಿನ ಮಣ್ಣು ಮೇಲಿನವರೆಗೂ ನೆಂದು ಕಪ್ಪಾಗುತ್ತದೆ. ಹನ್ನೊಂದಕ್ಕೆ ಮೊದಲ ಹನಿ ಓಕಿನ ಅಂಚು ದಾಟಿ ಒಳಗಿಳಿಯುತ್ತದೆ.

ರೋಸ್ವಿತಾ ಕ್ರೇಟಿನ ಮೇಲೆ ನಿಂತು ಜೇಡಿಮಣ್ಣಿನ ದಿಂಡು ಕಟ್ಟುತ್ತಾರೆ. ಕಟ್ಟಿದ್ದು ಫಾಲ್ಕ್ ಹೇಳಿದ ಹಾಗೆಯೇ ಹಿಂದಕ್ಕೆ ಜಾರುತ್ತದೆ. ಮತ್ತೆ ಕಟ್ಟುತ್ತಾರೆ, ಮತ್ತೆ ಜಾರುತ್ತದೆ. ಬುರ್ಕಾರ್ಡ್ ತಮಾಷೆ ಮಾಡುವುದನ್ನು ನಿಲ್ಲಿಸಿದ್ದಾನೆ.

ಬೇಕರಿಯ ಬಾಗಿಲು ದಡಾರನೆ ತೆರೆದುಕೊಳ್ಳುತ್ತದೆ. ಗೆರ್ಲಿಂಡೆ ತನ್ನ ದೊಡ್ಡ ಕಬ್ಬಿಣದ ತಟ್ಟೆಗಳನ್ನು, ಬ್ರೆಡ್ಡು ಸುಡುವಂಥವನ್ನು, ಎದೆಗವಚಿಕೊಂಡು ಬರುತ್ತಾಳೆ. “ಸರಿ ಆಚೆ, ಪುಣ್ಯಾತ್ಗಿತ್ತಿ! ಹಲಗೆ ಅಲ್ಲಿ ಬಿಟ್ಟು ಬಂದಿದ್ದಲ್ದೆ ಈಗ ಗೋಪುರ ಕಟ್ತಿದ್ದಾಳೆ!” ತಟ್ಟೆಯನ್ನು ಮಣ್ಣಿನ ಹಿಂದೆ ನೆಟ್ಟಗೆ ನಿಲ್ಲಿಸಿ ಭುಜ ಕೊಡುತ್ತಾಳೆ. “ಏನು ನೋಡ್ತಿದ್ದೀರಿ? ಹಿಡ್ಕೊಳ್ಳಿ!”

ಆರು ತಟ್ಟೆ, ಆರು ಜನ. ಕ್ರೇಟುಗಳ ಮೇಲೆ ಸಾಲಾಗಿ ನಿಂತು ಭುಜದಿಂದ ಒತ್ತಿ ಹಿಡಿದಿದ್ದಾರೆ. ಫಾಲ್ಕ್ ಒಂದು ತುದಿಯಲ್ಲಿ, ಗೆರ್ಲಿಂಡೆ ನಡುವೆ. ರೋಸ್ವಿತಾ ತಟ್ಟೆಗಳ ಮುಂದೆ ಮಣ್ಣು ತುರುಕುತ್ತ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ, ಬರುತ್ತಾರೆ. ಬಲಗೈ ಮೇಲೇಳದ್ದರಿಂದ ಎಡಗೈಯಿಂದಲೇ. ನೀರು ಅಂಚಿನ ಮೇಲೆ ಒಂದು ಬೆರಳು ಏರುತ್ತದೆ. ಎರಡು ಬೆರಳು. ಕಬ್ಬಿಣ ತಣ್ಣಗೆ ಕೊರೆಯುತ್ತದೆ. ಗೆರ್ಲಿಂಡೆ ಒಂದೇ ಸಮನೆ ಬೈಯುತ್ತಿದ್ದಾಳೆ: ರೋಸ್ವಿತಾಗೆ, ಕಿಲಿಯಾನ್‌ಗೆ, ವೈನ್ ಹಬ್ಬಕ್ಕೆ, ತನ್ನ ಅತ್ತೆಗೆ. ಅವಳು ಬೈಯುವುದು ನಿಂತರೆ ಏನೋ ಆಗಿಬಿಡುತ್ತದೆ ಎಂಬಂತೆ ಉಳಿದವರು ಅದಕ್ಕೇ ಕಿವಿಗೊಟ್ಟು ತಟ್ಟೆ ಒತ್ತುತ್ತಿದ್ದಾರೆ.

ಮೂರು ಬೆರಳು.

ಹೀಗೆ ಎಷ್ಟು ಹೊತ್ತು ನಿಂತಿದ್ದರೆಂದು ಕೇಳಿದರೆ ಆರು ಜನ ಆರು ಉತ್ತರ ಕೊಡುತ್ತಾರೆ. ಮೊದಲು ಸುದ್ದಿ ಕೊಟ್ಟದ್ದು ಗೋಡೆಯ ಆಚೆಯ ಧ್ವನಿ.

“ಏ ಬಾಗಿಲಮ್ಮ! ಇದ್ದೀರೋ, ಮುಳುಗಿದ್ರೋ?”

ದೋಣಿ ಹಲಗೆಗೆ ತಾಗಿದ ಸದ್ದು ಕೇಳಿಸುತ್ತದೆ.

“ಇದ್ದೀವಿ ಅಜ್ಜ!”

“ನಮ್ಮ ಮನೆ ಗೋಡೆ ಮೇಲೆ ಒದ್ದೆ ಗೆರೆ ಕಾಣಿಸ್ತಿದೆ. ಹೊಳೆ ಅದ್ರ ಕೆಳಗಿದೆ. ಇಳೀತಿದೆ ಕಣ್ರೋ!”

ಫಾಲ್ಕ್ ತಟ್ಟೆ ಬಿಡದೆ ಕತ್ತು ಚಾಚಿ ಅಂಚು ನೋಡುತ್ತಾನೆ. ನೋಡುತ್ತಲೇ ಇರುತ್ತಾನೆ. “ಹೌದು,” ಎನ್ನುತ್ತಾನೆ ಕೊನೆಗೆ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ಗೆರ್ಲಿಂಡೆ ಬೈಯುವುದನ್ನು ನಿಲ್ಲಿಸುತ್ತಾಳೆ. ಆದರೂ ಯಾರೂ ಕೂಡಲೇ ತಟ್ಟೆ ಬಿಡುವುದಿಲ್ಲ.

ಎರಡು ವಾರದ ಮೇಲೆ ನಗರಸಭೆ ಸೇರಿತು. ಸನ್ಮಾನ ಮಾಡಬೇಕೆಂದು ಕೆಲವರು ಎದ್ದರು. ಕೆಲಸದಿಂದ ತೆಗೆಯಬೇಕೆಂದು ಇನ್ನು ಕೆಲವರು. ಕೊನೆಗೆ ಸನ್ಮಾನವೂ ಇಲ್ಲ, ತೆಗೆಯುವುದೂ ಇಲ್ಲ. ಹಲಗೆ ಬಿಟ್ಟು ಬಂದದ್ದಕ್ಕೆ ಎಲ್ಲರೆದುರು ಎಚ್ಚರಿಕೆ ಕೊಟ್ಟರು. ಮಾತಾಡಲು ಕರೆದಾಗ ಫಾಲ್ಕ್ ಹೇಳಿದ್ದು ಇಷ್ಟು: “ಲೆಕ್ಕದ ಪ್ರಕಾರ ಫ್ರೌ ಹೆಪ್ ಮಾಡಿದ್ದು ತಪ್ಪು. ಲೆಕ್ಕ ಬಿಟ್ಟು ಬೇರೆ ಏನೂ ನನ್ನನ್ನ ಕೇಳ್ಬೇಡಿ.” ರಬ್ಬರಿನ ಹಲಗೆ ಇನ್ನು ಹಬ್ಬಕ್ಕೆ ಹೋಗಕೂಡದೆಂದೂ ಗೊತ್ತುಮಾಡಿದರು. ಇದಕ್ಕೆ ಮಾತ್ರ ಸಭೆಯಲ್ಲಿ ದೊಡ್ಡ ಗಲಾಟೆಯಾಯಿತು.

ಎಚ್ಚರಿಕೆಯ ಬಗ್ಗೆ ರೋಸ್ವಿತಾಗೆ ತಕರಾರಿಲ್ಲ. “ಸರಿಯಾಗೇ ಬೈದ್ರು. ಇನ್ನು ನಾಲ್ಕು ಬೆರಳು ಬಂದಿದ್ರೆ ಗೆರ್ಲಿಂಡೆ ಮುಖ ನೋಡೋಕೆ ನನ್ನಿಂದ ಆಗ್ತಿರ್ಲಿಲ್ಲ. ಈಗ್ಲೂ ಬ್ರೆಡ್ ತಗೊಳ್ಳೋಕೆ ಹೋದ್ರೆ ಅವಳು ಚಿಲ್ಲರೆನ ಟಪ್ ಅಂತ ಇಡ್ತಾಳೆ. ಇಡ್ಲಿ.”

ಈಗ ಅವರು ದಡದ ಕಲ್ಲುಹಾಸಿನ ಮೇಲೆ ಆರು ಓಕ್ ಹಲಗೆಗಳನ್ನು ಸಾಲಾಗಿ ಮಲಗಿಸಿಕೊಂಡು ಉಜ್ಜುತ್ತಿದ್ದಾರೆ. ಲದ್ದಿ ಮರದ ಗೆರೆಗಳೊಳಗೆ ಸೇರಿಕೊಂಡಿದೆ. ಮೂರು ಸಲ ತೊಳೆದರೂ ನಾತ ಹೋಗಿಲ್ಲ. ಮೇಲಿನ ಕಿಟಕಿಯಿಂದ ಕಿಲಿಯಾನ್ ಮೇಲ್ವಿಚಾರಣೆ ನಡೆಸಿದ್ದಾರೆ.

“ಅಂಚಲ್ಲಿ ಬಿಟ್ಟೆ ನೋಡು! ಲಾಯದ ಮೇಲೆ ನಿಂತ ಹಾಗಾಗುತ್ತೆ ನಂಗೆ.”

“ಬಿಸಿಲಿಗೆ ಒಣಗಲಿ ತಾಳಿ. ಒದ್ದೆ ಹಲಗೆ ಹಾಕಿದ್ರೆ ಡೊಂಕಾಗುತ್ತೆ.”

“ಎಷ್ಟು ದಿನ ಅಂತ ಒಂದೇ ಕಾಲಲ್ಲಿ ನಿಲ್ಲಲಿ?”

ನಗರಸಭೆಯಿಂದ ಏನಾದರೂ ಕೇಳುವುದಿದೆಯೇ ಎಂದರೆ ರೋಸ್ವಿತಾ ಬ್ರಷ್ಷನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆಯುತ್ತಾರೆ, ನೀರು ಕೊಡವುತ್ತಾರೆ.

“ಒಂದು ಓಕ್ ಹಲಗೆ ಹೊಸದಾಗಿ ಮಾಡಿಸ್ಕೊಟ್ರೆ ಸಾಕು,” ಎನ್ನುತ್ತಾರೆ ಆಮೇಲೆ. “ಒಂದೇ. ಏಳನೇದು.”

ಕೊಡದಿದ್ದರೆ?

ಅವರು ಮತ್ತೆ ಬಗ್ಗಿ ಹಲಗೆಯ ಅಂಚಿಗೆ ಬ್ರಷ್ ಹಾಕುತ್ತಾರೆ.

“ಕೊಡದಿದ್ರೆ ಮುಂದಿನ ನೆರೆಗೂ ಆರೇ ತರ್ತೀನಿ.”